ದಿಲ್ಲಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಹೊಳೆಗಳು

೧೪ ನವೆಂಬರ್ ೧೯೪೬, ಗುರುವಾರ

ಈ ಡೈರಿ ಹೊಗೆಸೊಪ್ಪಿನ ಕಂಪನಿಯ ಏಜೆಂಟರು ಹೊಸ ವರ್ಷಕ್ಕೆಂದು ನಮ್ಮ ಯಜಮಾನರಿಗೆ ಕೊಟ್ಟದ್ದು. ಹತ್ತು ತಿಂಗಳಿಂದ ಅದರ ಮೇಲೆ ಸೀಮೆಎಣ್ಣೆ ಬುಡ್ಡಿ ಕೂತಿತ್ತು. ಇವತ್ತು ಬುಡ್ಡಿ ಎತ್ತಿಟ್ಟು ನಾನು ತೆಗೆದುಕೊಂಡೆ. ಎಲ್ಲಾದರೂ ಕೂಗಾಡದಿದ್ದರೆ ನನ್ನ ತಲೆ ಸಿಡಿಯುತ್ತದೆ. ಮನೆಯಲ್ಲಿ ಕೂಗಾಡಿದರೆ ಅತ್ತೆಗೆ ಕೇಳುತ್ತದೆ, ನಮ್ಮ ಹೊಗೆಸೊಪ್ಪಿನ ಅಂಗಡಿ ಮುಂದೆ ಕೂಗಾಡಿದರೆ ಪಿರಿಯಾಪಟ್ಟಣಕ್ಕೆಲ್ಲ ಕೇಳುತ್ತದೆ.

ದಿಲ್ಲಿಯಿಂದ ಅಳಿಯ ವೀರಭದ್ರಸ್ವಾಮಿಯ ಕಾಗದ ಬಂದಿದೆ. ನಮ್ಮ ನೀಲಾಂಬಿಕೆಗೆ ಐದು ತಿಂಗಳು ತುಂಬಿತಂತೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅವನ ಕಡೆಯಲ್ಲಂತೂ ಹೆಂಗಸರು ಅಂತ ಯಾರೂ ಇಲ್ಲ, ತಾಯಿ ತೀರಿಹೋಗಿ ಎಷ್ಟೋ ವರ್ಷವಾಯಿತು. ಆದರೆ ಕರೆತರುವುದು ಹೇಗೆ? ರೈಲಿನಲ್ಲಾದರೆ ದಿಲ್ಲಿಯಿಂದ ಮದರಾಸು, ಮದರಾಸಿನಿಂದ ಬೆಂಗಳೂರು, ಅಲ್ಲಿಂದ ಮೈಸೂರು, ಆಮೇಲೆ ಬಸ್ಸು. ನಾಲ್ಕು ದಿನ, ಕೆಟ್ಟರೆ ಐದು. ಅಷ್ಟು ಕುಲುಕಾಟ ಬೇಡವೆಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದಾಳೆ. ಅದಕ್ಕೆ ವಿಮಾನದಲ್ಲಿ ಕಳಿಸುತ್ತಾನಂತೆ. ಅವನಿಗೆ ದಿಲ್ಲಿಯ ವಿಮಾನ ನಿಲ್ದಾಣದಲ್ಲೇ ವೈರ್‌ಲೆಸ್ ಕೆಲಸ, ಹಾಗಾಗಿ ವಿಮಾನವೆಂದರೆ ಅವನಿಗೆ ಹುಣಸೂರಿನ ಬಸ್ಸು ಇದ್ದ ಹಾಗೆ. 'ದಿಲ್ಲಿಗೂ ಬೆಂಗಳೂರಿಗೂ ಗಾಳಿಯ ದಾರಿಯಲ್ಲಿ ಸಾವಿರದ ಎಂಬತ್ತು ಮೈಲಿ. ನಡುವೆ ನಾಲ್ಕು ಕಡೆ ಇಳಿದು ಏರಿದರೂ ಬೆಳಿಗ್ಗೆ ಹೊರಟವರು ಸಂಜೆಗೆ ಬೆಂಗಳೂರಿನಲ್ಲಿರುತ್ತಾರೆ' ಎಂದು ಬರೆದಿದ್ದಾನೆ. ಡಿಸೆಂಬರ್ ಹತ್ತಕ್ಕೆ ಟಿಕೆಟ್ ಮಾಡಿಸಲೇ ಎಂದು ಕೇಳಿದ್ದಾನೆ.

ನಾನು ಗಟ್ಟಿಯಾಗಿ ಓದಿ ಮುಗಿಸಿದೆ. ಅತ್ತೆ ಪುಟ್ಟಮಲ್ಲಮ್ಮನವರು ಜಗಲಿಯಿಂದ ಒಂದೇ ಮಾತು ಕೇಳಿದರು. "ನಡುವೆ ಒಳೆ ಎಷ್ಟವ್ವ?"

ಐದು ತುಂಬಿದ ಬಸುರಿ ಹೊಳೆ ದಾಟಬಾರದು. ಇದನ್ನು ನನಗೆ ಯಾರೂ ನೆನಪು ಮಾಡಬೇಕಾಗಿಲ್ಲ. ಈ ಊರಿನ ಎಷ್ಟೋ ಹುಡುಗಿಯರು ಹುಣಸೂರಿನ ಸೇತುವೆ ದಾಟಿಕೊಂಡೇ ತವರಿಗೆ ಬಂದು ಹೆತ್ತು ಹೋಗಿದ್ದಾರೆ. ಅವರಿಗೆ ಏನೂ ಆಗಲಿಲ್ಲ. ನನಗೆ ಆಯಿತು. ಏಳು ತಿಂಗಳಲ್ಲಿ ಚುಂಚನಕಟ್ಟೆಯ ಹತ್ತಿರ ಹರಿಗೋಲಿನಲ್ಲಿ ಕಾವೇರಿ ದಾಟಿ ಮಿರ್ಲೆಗೆ, ನನ್ನ ತವರಿಗೆ ಹೋದೆ. ಗಂಡು ಮಗು ಹುಟ್ಟಿತು, ಅಳಲಿಲ್ಲ. ಆಗ ನನಗೆ ಹದಿನೆಂಟು, ಈಗ ನಲವತ್ತಾರು. ಅದರ ವಿಷಯ ಇಷ್ಟೇ ಬರೆಯುತ್ತೇನೆ.

೧೭ ನವೆಂಬರ್, ಭಾನುವಾರ

ಸ್ಕೂಲಿನ ಜವರಯ್ಯ ಮೇಷ್ಟ್ರ ಹತ್ತಿರ ಯಜಮಾನರು ನಕ್ಷೆ ಇಸಿದುಕೊಂಡು ಬಂದರು. ನಡುಮನೆಯಲ್ಲಿ ಹಾಸಿ, ನಾಲ್ಕು ಮೂಲೆಗೂ ತೂಕದ ಕಲ್ಲಿಟ್ಟು, ದಿಲ್ಲಿಯಿಂದ ಬೆಂಗಳೂರಿಗೆ ಹೊಲಿಗೆಯ ದಾರ ಎಳೆದು ಹಿಡಿದೆ. ಒಂದು ಗೇಣು ಇತ್ತು. ಒಂದು ಗೇಣು ದಾರದ ಕೆಳಗೆ ಇಷ್ಟು ಹೊಳೆಗಳಿರುತ್ತವೆ ಎಂದು ಯಾರು ತಿಳಿದಿದ್ದರು? ಯಮುನೆ, ಚಂಬಲ್, ನರ್ಮದೆ, ಗೋದಾವರಿ, ಕೃಷ್ಣೆ, ತುಂಗಭದ್ರೆ. ಒಂದೊಂದಕ್ಕೂ ದಾರದಲ್ಲಿ ಒಂದೊಂದು ಗಂಟು ಹಾಕಿದೆ. ಬೆಂಗಳೂರಿಗೆ ಬಂದಿಳಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಕಾವೇರಿ. ಅದನ್ನೂ ದಾಟಿದರೆ ಹುಣಸೂರಿನಲ್ಲಿ ಲಕ್ಷ್ಮಣತೀರ್ಥ. ನಾನು ಒಂದು ಹೊಳೆ ದಾಟಿ ಕೆಟ್ಟೆ. ಇವಳು ಎಷ್ಟು ದಾಟಬೇಕು!

"ಹೊಳೆ ದಾಟಬಾರ್ದು ಅಂದ್ರೆ ನೀರಿನ ಮೇಲೆ ಹೋಗಬಾರ್ದು ಅಂತ ಕಣೆ. ಅವಳು ಆಕಾಶದಲ್ಲಿ ಬತ್ತಾಳೆ" ಅಂದರು ಯಜಮಾನರು.

"ಒಳೆ ಮ್ಯಾಲಿನ ಆಕಾಶ ಒಳೇದೇಯ" ಅಂದರು ಅತ್ತೆ.

ತಾಯಿ ಮಗ ಇಬ್ಬರೂ ನನ್ನ ಕಡೆ ನೋಡಿದರು. ನಾನು ದಾರ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು.

೨೦ ನವೆಂಬರ್, ಬುಧವಾರ

ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿದೆ. ಪಾಪ, ಅವರಿಗೆ ಇಂಥ ಪ್ರಶ್ನೆ ಹಿಂದೆ ಯಾರೂ ಹಾಕಿಲ್ಲ. ಬಹಳ ಹೊತ್ತು ಗಡ್ಡ ನೀವಿಕೊಂಡರು. ವಿಮಾನ ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿದರು. ಎಂಟು ಸಾವಿರ ಅಡಿಯೆಂದು ಅಳಿಯ ಬರೆದಿದ್ದಾನೆ ಎಂದೆ. ಚಾಮುಂಡಿ ಬೆಟ್ಟಕ್ಕಿಂತ ಮೇಲೋ ಎಂದರು. ಬಹಳ ಮೇಲೆ ಎಂದೆ. ಕೊನೆಗೆ ಅವರು ಹೇಳಿದ್ದು ಹೀಗೆ: ಕಾಲಲ್ಲಿ ದಾಟಿದರೆ ದಾಟಿದ ಹಾಗೆ, ದೋಣಿಯಲ್ಲಿ ದಾಟಿದರೂ ದಾಟಿದ ಹಾಗೆ, ಸೇತುವೆಯ ಮೇಲೆ ದಾಟಿದರೂ ದಾಟಿದ ಹಾಗೆ, ಏಕೆಂದರೆ ಮೂರರಲ್ಲೂ ಬಸುರಿಯ ನೆರಳು ನೀರಿಗೆ ಬೀಳುತ್ತದೆ. ವಿಮಾನದ ನೆರಳು ನೀರಿಗೆ ಬೀಳುತ್ತದೋ ಇಲ್ಲವೋ ಅದನ್ನು ತಿಳಿದುಕೊಂಡು ಬಾ.

ಮನೆಗೆ ಬಂದು ಅಳಿಯನಿಗೆ ಕಾಗದ ಬರೆದೆ. ನೆರಳಿನ ವಿಷಯ ಕೇಳಿದ್ದೇನೆ. ಅವನು ನಗುತ್ತಾನೆ, ನಗಲಿ.

೨೩ ನವೆಂಬರ್, ಶನಿವಾರ

ಮಾಡಿದ ಕೆಲಸವನ್ನೇ ಎರಡೆರಡು ಸಲ ಮಾಡುತ್ತಿದ್ದೇನೆ. ರಾಗಿ ಬೀಸಲು ಬರುವ ಚಿಕ್ಕಸಿದ್ದಮ್ಮ, "ಅಮ್ಮಾವ್ರೆ, ನೀವು ಒಂದ್ ಕಡೆ ಕುಂತ್ಕಳಿ, ನಿಮ್ಮನ್ನ ನೋಡಿ ನಂಗೇ ಕಾಲು ನೋಯ್ತವೆ" ಅಂದಳು.

೩ ಡಿಸೆಂಬರ್, ಮಂಗಳವಾರ

ಅಳಿಯ ನಕ್ಕಿಲ್ಲ. ಒಳ್ಳೆಯ ಹುಡುಗ. ಒಂದು ಹಾಳೆಯ ತುಂಬ ಸೂರ್ಯ, ವಿಮಾನ, ಭೂಮಿ ಬರೆದು ಗೀಟು ಎಳೆದು ವಿವರಿಸಿದ್ದಾನೆ. ನೆಲದಿಂದ ಏಳುವಾಗ ನೆರಳು ಸ್ಪಷ್ಟವಾಗಿ ಇರುತ್ತದಂತೆ. ಮೇಲೆ ಹೋಗುತ್ತಾ ಹೋಗುತ್ತಾ ಮಸುಕಾಗಿ, ಎಂಟು ಸಾವಿರ ಅಡಿಯ ಹೊತ್ತಿಗೆ ಕರಗಿಯೇ ಹೋಗುತ್ತದಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ನೀಲಾ ಬರೆದಿದ್ದಾಳೆ: 'ಅವ್ವ, ಬೇಗ ಹೂಂ ಅನ್ನು. ನನಗೆ ಇಲ್ಲಿ ಚಳಿ. ನಿನ್ನ ಅಡಿಗೆಮನೆಯಲ್ಲಿ ಒಲೆ ಮುಂದೆ ಕೂತುಕೊಳ್ಳಬೇಕು ಅನ್ನಿಸುತ್ತೆ.'

ಮಠಕ್ಕೆ ಓಡಿದೆ. ನೆರಳು ಬೀಳದಿದ್ದರೆ ದೋಷ ಮುಕ್ಕಾಲು ಪಾಲು ಕಳೆಯಿತು ಎಂದರು ಅಯ್ಯನವರು. ಉಳಿದ ಕಾಲು ಪಾಲಿಗೆ ಮಂತ್ರಿಸಿದ ವಿಭೂತಿ ಕೊಡುತ್ತಾರಂತೆ, ಅದನ್ನು ಹಚ್ಚಿಕೊಂಡೇ ಹತ್ತಬೇಕಂತೆ.

"ಮಂಗಳ, ವಿಭೂತಿ ದಿಲ್ಲಿ ಮುಟ್ಟೋ ಹೊತ್ಗೆ ಹತ್ತನೇ ತಾರೀಕು ದಾಟೋಯ್ತದೆ. ಹೂಂ ಅಂತ ತಂತಿ ಕೊಟ್ಟುಬುಡ್ತೀನಿ, ವಿಭೂತಿ ಬೆಂಗಳೂರಲ್ಲಿ ಹಚ್ಚೋಣ" ಅಂದರು ಯಜಮಾನರು.

ದಾಟಿದ ಮೇಲೆ ಹಚ್ಚುವ ವಿಭೂತಿ ಯಾವ ಪುರುಷಾರ್ಥಕ್ಕೆ? ಟಿಕೆಟನ್ನು ಇಪ್ಪತ್ತನಾಲ್ಕಕ್ಕೆ ಹಾಕಿಸು ಎಂದು ನಾನೇ ಅಳಿಯನಿಗೆ ಬರೆದು, ವಿಭೂತಿಯ ಪೊಟ್ಟಣ ಒಳಗಿಟ್ಟು ಕಳಿಸಿದೆ. ಎರಡು ವಾರದಲ್ಲಿ ಏನು ಮುಳುಗಿಹೋಗುತ್ತದೆ?

೧೦ ಡಿಸೆಂಬರ್, ಮಂಗಳವಾರ

ಇವತ್ತು ಸಂಜೆಗೆ ಅವಳು ಬೆಂಗಳೂರಿನಲ್ಲಿ ಇರಬೇಕಾಗಿತ್ತು. ಇರಲಿ, ಇನ್ನು ಹದಿನಾಲ್ಕು ದಿನ.

೧೭ ಡಿಸೆಂಬರ್, ಮಂಗಳವಾರ

ನೀಲಾ ಬರುವುದಿಲ್ಲ.

ಹನ್ನೆರಡನೇ ತಾರೀಖು ಅವಳಿಗೆ ರಕ್ತ ಕಾಣಿಸಿತಂತೆ. ಮಗುವಿಗೆ ಏನೂ ಆಗಿಲ್ಲ, ಆದರೆ ಹೆರಿಗೆಯವರೆಗೆ ಮಂಚ ಬಿಟ್ಟು ಏಳಬಾರದೆಂದು ಡಾಕ್ಟರಮ್ಮ ಹೇಳಿದ್ದಾಳಂತೆ. ರೈಲೂ ಇಲ್ಲ, ವಿಮಾನವೂ ಇಲ್ಲ. ಅಳಿಯ ಬೆಳಿಗ್ಗೆ ಗಂಜಿ ಮಾಡಿಟ್ಟು ಕೆಲಸಕ್ಕೆ ಹೋಗುತ್ತಾನೆ, ಸಂಜೆ ಬರುವವರೆಗೂ ಅವಳು ಒಬ್ಬಳೇ ಮಲಗಿರುತ್ತಾಳೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಬಂದು ನೋಡಿ ಹೋಗುತ್ತಾಳಂತೆ. ಅವಳ ಮಾತು ಇವಳಿಗೆ ಅರ್ಥವಾಗುವುದಿಲ್ಲ, ಇವಳ ಮಾತು ಅವಳಿಗೆ ಅರ್ಥವಾಗುವುದಿಲ್ಲ.

ಹತ್ತಕ್ಕೆ ಹತ್ತಿದ್ದರೆ ಹನ್ನೆರಡಕ್ಕೆ ಈ ಮನೆಯಲ್ಲಿ, ನನ್ನ ಮಗ್ಗುಲಲ್ಲಿ ಮಲಗಿರುತ್ತಿದ್ದಳು. ನೆರಳು ಬೀಳುತ್ತದೋ ಇಲ್ಲವೋ ಎಂದು ಕೇಳುತ್ತ ಕೂತವಳು ನಾನು. ಟಿಕೆಟ್ ಮುಂದಕ್ಕೆ ಹಾಕಿಸಿದವಳೂ ನಾನೇ. ಯಜಮಾನರು ಒಂದು ಮಾತೂ ಆಡಲಿಲ್ಲ. ಎರಡು ಬಯ್ಯಬಾರದೇ ಈ ಮನುಷ್ಯ?

ಅತ್ತೆ ಅಂದರು, "ನೋಡ್ದಾ, ಆ ಮಿಸಿನ್ನು ಅತ್ತಿದ್ರೆ ಏನಾಯ್ತಿತ್ತೋ. ಒಳೆ ದಾಟ್ದೆ ಇದ್ದಿದ್ಕೆ ಇಷ್ಟ್ರಲ್ಲೇ ಓಯ್ತು."

ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲೇ ಇದ್ದಿದ್ದರೆ ಈ ಮುದುಕಿಗೆ ಏನು ಅಂದುಬಿಡುತ್ತಿದ್ದೆನೋ.

೨೬ ಡಿಸೆಂಬರ್, ಗುರುವಾರ

ಮೂರು ದಿನ ಮಿರ್ಲೆಯಲ್ಲಿದ್ದು ಇವತ್ತು ಬಂದೆ. ಬಾಣಂತಿ ಖಾರ ತರಲು ಹೋಗಿದ್ದೆ. ಆ ಖಾರವನ್ನು ಮಿರ್ಲೆಯ ಸೂಲಗಿತ್ತಿ ರಾಮಮ್ಮ ಕುಟ್ಟಿದ ಹಾಗೆ ಇನ್ನು ಯಾರೂ ಕುಟ್ಟುವುದಿಲ್ಲ. ಮಗಳು ಬರದಿದ್ದರೆ ಖಾರವಾದರೂ ಪಾರ್ಸಲಿನಲ್ಲಿ ಹೋಗಲಿ ಎಂದು.

ಹೋಗುವ ದಿನದ ಅವಸ್ಥೆ ಬರೆಯದೆ ಇರಲಾರೆ. ಬೆಳಿಗ್ಗೆ ಎದ್ದು, ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿದೆ. ಹುಣಸೂರಿನಲ್ಲಿ ಬೆಂಕಿ ಆರಿತು, ಕಂಡಕ್ಟರ್ ಇಳಿದು ತಿದಿ ತಿರುಗಿಸಿದ, ಎಲ್ಲರ ಮುಖವೂ ಮಸಿಯಾಯಿತು. ಅಲ್ಲಿಂದ ಕೃಷ್ಣರಾಜನಗರಕ್ಕೆ ಹೋಗುವಷ್ಟರಲ್ಲಿ ಎರಡು ಸಲ ಇಳಿದು ತಳ್ಳಿದ್ದಾಯಿತು. ನಗರದಲ್ಲಿ ಮಿರ್ಲೆಯ ಬಸ್ಸು ಹೋಗಿಬಿಟ್ಟಿತ್ತು, ಸಂಜೆಯ ಬಸ್ಸಿಗೆ ಕಾದೆ. ಮಿರ್ಲೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಇಷ್ಟು ಹೊತ್ತಿನಲ್ಲಿ ದಿಲ್ಲಿಗೇ ಹೋಗಬಹುದಾಗಿತ್ತು ಎಂದುಕೊಂಡೆ. ದಾರಿಯಲ್ಲಿ ಕಾವೇರಿ ಬಂದಿತ್ತು. ನಾನು ಯಾವಾಗಲೂ ಮಾಡುವ ಹಾಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಆ ಮಗು ಹೋದಾಗಿನಿಂದ ನಾನು ಆ ನೀರನ್ನು ನೋಡಿಲ್ಲ.

ರಾಮಮ್ಮನಿಗೆ ಈಗ ಕಣ್ಣು ಮಂಜು, ಕೈ ಮಾತ್ರ ಹಾಗೇ ಇದೆ. ತಮ್ಮನ ಮನೆಯ ಹಿತ್ತಲಲ್ಲಿ ಮೆಣಸು, ಶುಂಠಿ, ಹಿಪ್ಪಲಿ ಹುರಿಯುತ್ತ ನೀಲಾಳ ವಿಷಯ ಎಲ್ಲ ಕೇಳಿದಳು. ನಾನೂ ಹೇಳಿದೆ. ಕೊನೆಗೆ ಬಾಯಿ ತಪ್ಪಿ ಅಂದೆ, "ನನಗೆ ಆದ ಹಾಗೆ ಅವಳಿಗೆ ಆಗಬಾರದು ಅಂತ ಹೊಳೆಗೆ ಹೆದರಿಕೊಂಡೆ ರಾಮಮ್ಮ."

ಅವಳು ಹುರಿಯುವುದನ್ನು ನಿಲ್ಲಿಸಿದಳು. "ಯಾವ ಒಳೆ?"

"ನಾನು ದಾಟಿ ಬಂದೆನಲ್ಲ, ಅದಕ್ಕೇ ತಾನೇ ಮಗು ಹೋದದ್ದು?"

"ಒಳೆ ಏನ್ಮಾಡೀತವ್ವ? ಕೂಸಿನ ಕತ್ಗೆ ವಕ್ಕಳ ಬಳ್ಳಿ ಎಲ್ಡು ಸುತ್ತು ಸುತ್ಕಂಡಿತ್ತು. ನಾನು ಬುಡಿಸೋ ವತ್ಗೆ ನೀಲಿಯಾಗೋಗಿತ್ತು. ನಿಂಗೆ ಗ್ಯಾನ ಇರ್ನಿಲ್ಲ. ನಿಮ್ಮತ್ತೇರು ಕೂಸು ನೋಡಕ್ಕೆ ಬಂದಾಗ ಅವ್ರಿಗೆ ಯೋಳಿದ್ನಲ್ಲ. ಯೋಳ್ನಿಲ್ವ ಅವ್ರು?"

ಇಲ್ಲ ಎಂದು ತಲೆಯಾಡಿಸಿದೆ. ಅವಳಿಗೆ ಕಾಣಲಿಲ್ಲವೇನೋ, ಮತ್ತೆ ಕೇಳಿದಳು. ಇಲ್ಲ ಎಂದೆ. ಬಾಣಲೆಯಲ್ಲಿ ಹಿಪ್ಪಲಿ ಸೀದು ಘಾಟು ಎದ್ದಿತು, ಇಬ್ಬರೂ ಕೆಮ್ಮಿದೆವು.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಕಾವೇರಿಯಲ್ಲಿ ನೀರು ಇಳಿದಿದೆ, ನಡುನಡುವೆ ಬಂಡೆಗಳು ಕಾಣುತ್ತಿದ್ದವು. ಒಬ್ಬ ಎಮ್ಮೆ ತೊಳೆಯುತ್ತಿದ್ದ. ಹುಣಸೂರಿನಲ್ಲಿ ಕಾಫಿ ಕುಡಿದೆ, ಚೆನ್ನಾಗಿರಲಿಲ್ಲ.

೧ ಜನವರಿ ೧೯೪೭, ಬುಧವಾರ

ಹೊಸ ವರ್ಷದ ಡೈರಿ ಇನ್ನೂ ಬಂದಿಲ್ಲ. ಹಳೆಯದರ ಜನವರಿ ಹಾಳೆಗಳೆಲ್ಲ ಖಾಲಿ ಇವೆ, ವಾರದ ಹೆಸರು ಹೊಡೆದುಹಾಕಿ ಅದರಲ್ಲೇ ಬರೆಯುತ್ತಿದ್ದೇನೆ.

ಆರು ದಿನ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಅತ್ತೆಯ ತಲೆಗೆ ಎಣ್ಣೆ ಒತ್ತುವಾಗ ಕೇಳಿಯೇಬಿಟ್ಟೆ. "ಮಿರ್ಲೆಯ ರಾಮಮ್ಮ ನಿಮಗೆ ಹೇಳಿದ್ದಳಂತೆ. ಮಗುವಿನ ಕೊರಳಿಗೆ ಬಳ್ಳಿ ಸುತ್ತಿತ್ತು ಅಂತ."

ಅವರು ತಿರುಗಲಿಲ್ಲ. "ಊಂ, ಯೋಳಿದ್ಲು."

"ಮತ್ತೆ ಹೊಳೆ ದಾಟಿದ್ದಕ್ಕೆ ಅಂತ ಯಾಕಂದಿರಿ ನನಗೆ?"

 ನನ್ನ ಕೈ ಅವರ ನೆತ್ತಿಯ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅಂದರು, "ನಂಗೂ ಒಂದು ಓಯ್ತು ಕಣವ್ವ, ನಿನ್ನ ಗಂಡನಿಗಿಂತ ಮುಂಚೆ. ಹೆಣ್ಣುಕೂಸು. ಆಗ ನಮ್ಮತ್ತೆ ಒಳೆ ದಾಟಿದ್ಕೆ ಅಂದ್ರು. ನಾನು ಅದನ್ನೇ ನಂಬ್ಕಂಡು ಬದುಕ್ದೆ. ನಿಂಗೂ ಅದ್ನೇ ಅಂದೆ. ಒಳೆ ಮ್ಯಾಲೆ ಆಕಿದ್ರೆ ಯಾರ ಮ್ಯಾಲೂ ತಪ್ಪು ಬರಾಕಿಲ್ಲ ಅಂದ್ಕಂಡೆ."

"ನನ್ನ ಮೇಲೆ ಬಂತಲ್ಲ ಅತ್ತೆ. ದಾಟಿದವಳು ನಾನಲ್ಲವಾ?"

 ಅವರ ಭುಜ ಅಲುಗಿತು. ನಾನು ಎಣ್ಣೆ ಒತ್ತಿ ಮುಗಿಸಿ ನೀರು ಹುಯ್ದೆ. ಸಿಟ್ಟು ಇನ್ನೂ ಇದೆ. ಆದರೆ ಆ ತಲೆಯಲ್ಲಿ ಕೂದಲೇ ಇಲ್ಲ, ಬುರುಡೆ ಕೈಗೆ ಸಿಕ್ಕುತ್ತದೆ. ಅಂಥ ತಲೆಯ ಮೇಲೆ ಸಿಟ್ಟು ಹೇಗೆ ಮಾಡುವುದು?

೬ ಜನವರಿ, ಸೋಮವಾರ

ಪಾರ್ಸಲಿಗೆ ಸಾಮಾನು ಜೋಡಿಸಿದೆ. ಖಾರದ ಡಬ್ಬಿ, ಹರಳೆಣ್ಣೆ, ಲೋಬಾನ, ಬಜೆ, ಹೊಟ್ಟೆಗೆ ಕಟ್ಟಲು ನನ್ನ ಹಳೆಯ ಹತ್ತಿ ಸೀರೆಗಳು, ಕೂಸಿಗೆ ಕುಲಾವಿ. ಪೋಸ್ಟಾಫೀಸಿನಲ್ಲಿ ಎಣ್ಣೆ ತೆಗೆದುಕೊಳ್ಳುವುದಿಲ್ಲವಂತೆ. ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರ ಕೈಯಲ್ಲಿ ಕೊಡಬಹುದು ಎಂದು ಅಳಿಯ ತಂತಿ ಕೊಟ್ಟಿದ್ದಾನೆ.

ಯಾವುದನ್ನು ಯಾವಾಗ ಹೇಗೆ ಕೊಡಬೇಕು ಎಂದು ಪಂಜಾಬಿ ಹೆಂಗಸಿಗೆ ತಿಳಿಸಲು ಬರೆಯತೊಡಗಿದೆ. ಹೊಟ್ಟೆ ಕಟ್ಟುವುದು ಬರೆದೆ. ಕಾಲಿನ ಮೇಲೆ ಮಗುವನ್ನು ಮಲಗಿಸಿ ನೀರು ಹಾಕುವುದು ಬರೆದೆ. ನೀರು ಎಷ್ಟು ಬಿಸಿ? ಮೊಳಕೈ ಅದ್ದಿದರೆ ಗೊತ್ತಾಗುತ್ತದೆ, ಬರೆದರೆ ಹೇಗೆ ಗೊತ್ತಾಗುತ್ತದೆ? ಅಷ್ಟಕ್ಕೂ ಇದನ್ನು ಅವಳಿಗೆ ಓದಿ ಹೇಳುವವರು ಯಾರು? ಹಾಳೆ ಹರಿದು ಒಲೆಗೆ ಹಾಕಿದೆ.

೮ ಜನವರಿ, ಬುಧವಾರ

ಇವತ್ತು ನನ್ನನ್ನು ಹೊಗೆಸೊಪ್ಪಿನ ತಕ್ಕಡಿಯಲ್ಲಿ ತೂಗಿದರು.

ಪಾರ್ಸಲ್ ತೂಕ ನೋಡಲು ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ವಿಮಾನದಲ್ಲಿ ಎಲ್ಲವನ್ನೂ ತೂಗುತ್ತಾರೆ, ಮನುಷ್ಯರನ್ನೂ ಬಿಡುವುದಿಲ್ಲ ಎಂದು ಯಜಮಾನರು ಹೇಳಿದರು. ಹೊರೆ ಇಡುವ ದೊಡ್ಡ ಹಲಗೆಯ ಮೇಲೆ ಪಾರ್ಸಲ್ ಇಟ್ಟರು, ತೂಕ ನೋಡಿದರು, ಕೆಳಗಿಳಿಸಲಿಲ್ಲ.

"ನೀನೂ ಕುಂತ್ಕೊ" ಅಂದರು.

"ಯಾಕೆ?"

"ಪಾರ್ಸಲ್ ಒಂದೇ ಹೋಗಿ ಏನ್ಮಾಡ್ತದೆ ಮಂಗಳ? ಎಣ್ಣೆ ತಾನಾಗೆ ಒತ್ಕತದಾ? ಬಸುರಿ ಹೊಳೆ ದಾಟಬಾರ್ದು ಅಂತಾರೆ, ಬಸುರಿಯವ್ವ ದಾಟಬಾರ್ದು ಅಂತ ಯಾರೂ ಅಂದಿಲ್ವಲ್ಲ."

ಆಳುಗಳೆಲ್ಲ ಅಲ್ಲೇ ಇದ್ದರು. ನನಗೆ ಮೈಯೆಲ್ಲ ಬೆವರಿತು. ಕೂತುಕೊಂಡೆ. ಚಾಮಯ್ಯ, ಹದಿನೈದು ವರ್ಷದಿಂದ ನಮ್ಮಲ್ಲಿ ಹೊಗೆಸೊಪ್ಪು ತೂಗುವವನು, ಕಲ್ಲಿನ ಮೇಲೆ ಕಲ್ಲು ಹಾಕುತ್ತ "ಅಮ್ಮಾವ್ರು ಒಳ್ಳೆ ಮಾಲು ಕಣ್ರಪ್ಪ, ತ್ಯಾವ ಇಲ್ಲ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ, ಏಕೆಂದರೆ ತಕ್ಕಡಿ ಅಲುಗಿ ಮತ್ತೆ ತೂಗಬೇಕಾಯಿತು.

ಅತ್ತೆಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. "ನನ್ನ ಸೊಸೇನ ಒಗೆಸೊಪ್ಪಿನಂಗೆ ತೂಗಿದ್ಯೇನ್ಲಾ?" ಎಂದು ಮಗನನ್ನು ಬಯ್ದರು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದ್ದು ಇಷ್ಟೇ: "ಆ ಮಿಸಿನ್ನಲ್ಲಿ ಬೀಳ್ದಂಗೆ ಇಡ್ಕಳಕ್ಕೆ ಏನಾರ ಇರ್ತದಾ?"

೧೮ ಜನವರಿ, ಶನಿವಾರ

ನಾಳೆ ಬೆಂಗಳೂರಿಗೆ. ಅತ್ತೆ ಅರಿಶಿನ ಬಟ್ಟೆಯಲ್ಲಿ ಕಾಸುಗಳನ್ನು ಗಂಟು ಕಟ್ಟಿ ಕೊಟ್ಟರು. ವಿಮಾನ ದಾಟುವ ಒಂದೊಂದು ಹೊಳೆಗೆ ಒಂದೊಂದಂತೆ. ಹುಣಸೂರಿನ ಸೇತುವೆಯ ಮೇಲೆ ಬಸ್ಸಿನಿಂದ ಎಸೆಯುತ್ತಾರಲ್ಲ, ಹಾಗೆ ಎಸೆಯಬೇಕಂತೆ. "ಎದ್ರಿಕಂಡು ಆಕ್ಬ್ಯಾಡ. ಓಗಿ ಬತ್ತೀನಿ ಅಂದು ಆಕು" ಅಂದರು. ಗಂಟು ಬಿಚ್ಚಿ ನೋಡಿದೆ. ದಾರದ ಗಂಟುಗಳಿಗಿಂತ ಒಂದು ಕಾಸು ಹೆಚ್ಚಿಗೆ ಇತ್ತು. ಅವರಿಗೆ ಎಣಿಕೆ ತಪ್ಪುವುದಿಲ್ಲ. ಅದು ಯಾರಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

೨೧ ಜನವರಿ, ಮಂಗಳವಾರ, ಬೆಂಗಳೂರು

ಇವತ್ತು ವಿಮಾನ ಹೊರಡಲಿಲ್ಲ. ಉತ್ತರದ ಕಡೆ ಮಂಜಂತೆ. ಬೆಳಿಗ್ಗೆಯಿಂದ ಮೈದಾನದ ಪಕ್ಕದ ಬೆಂಚಿನ ಮೇಲೆ ಕೂತು ಕೂತು ಸಾಕಾಯಿತು. ಹನ್ನೊಂದು ಗಂಟೆಯ ದಾರಿ ಎಂದ ಅಳಿಯ. ಕಾಯುವ ಹೊತ್ತನ್ನು ಯಾರೂ ಅದಕ್ಕೆ ಸೇರಿಸುವುದಿಲ್ಲ. ನವೆಂಬರಿನಿಂದ ಲೆಕ್ಕ ಹಾಕಿದರೆ ನನ್ನ ದಾರಿ ಎರಡು ತಿಂಗಳಿನದು. ಅಲ್ಲಿ ಅವಳು ಏನು ತಿಂದಳೋ.

೨೨ ಜನವರಿ, ಬುಧವಾರ

ವಿಮಾನದೊಳಗೆ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ಏಳುವಾಗ ಮುಂದಿನ ಕುರ್ಚಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಯಜಮಾನರು ತಂತಿಬೇಲಿಯ ಆಚೆ ಪೇಟ ಕೈಯಲ್ಲಿ ಹಿಡಿದು ನಿಂತಿದ್ದರು, ಒಂದು ಗಳಿಗೆಯಲ್ಲಿ ಇಲ್ಲವಾದರು. ಕೆಳಗೆ ಹೊಲಗಳ ಮೇಲೆ ನಮ್ಮ ನೆರಳು ಓಡುತ್ತಿತ್ತು. ಕಣ್ಣು ಕೀಳದೆ ಅದನ್ನೇ ನೋಡಿದೆ. ಚಿಕ್ಕದಾಯಿತು, ಮಸುಕಾಯಿತು, ಆಮೇಲೆ ಎಲ್ಲೂ ಇಲ್ಲ. ಅಳಿಯ ಬರೆದದ್ದು ಸರಿ.

ಪಕ್ಕದಲ್ಲಿ ಹೈದರಾಬಾದಿನ ಒಬ್ಬ ವಯಸ್ಸಾದ ಸಾಹೇಬರು ಕೂತಿದ್ದರು. ಸಂತೆಯಲ್ಲಿ ಕಲಿತ ನನ್ನ ಹರಕು ಉರ್ದುವಿನಲ್ಲಿ ಹೊಳೆ ಬಂದರೆ ಹೇಳಿ ಎಂದೆ. ಅವರು ತಾವೇ ಕಿಟಕಿಯ ಜಾಗ ಬಿಟ್ಟುಕೊಟ್ಟರು. "ತುಂಗಭದ್ರಾ" ಎಂದು ತೋರಿಸಿದರು. ನೋಡಿದೆ. ಸೀರೆಯ ಅಂಚಿನಿಂದ ಬಿಟ್ಟುಕೊಂಡ ಎಳೆಯ ಹಾಗೆ ಬಿದ್ದಿತ್ತು. ಇದಕ್ಕಾ ಹೆದರಿದ್ದು? ಕಾಸು ತೆಗೆದುಕೊಂಡು ಕಿಟಕಿಗೆ ಕೈ ಹಾಕಿದರೆ ಅದು ತೆಗೆಯುವುದೇ ಇಲ್ಲ. ತಿರುಪು ಎಲ್ಲಿದೆ ಎಂದು ಹುಡುಕುತ್ತಿದ್ದಾಗ ವಿಮಾನದ ನೌಕರ ಓಡಿ ಬಂದ. ಸಾಹೇಬರು ಅವನಿಗೆ ಏನೋ ಹೇಳಿ ನಗಿಸಿ ಕಳಿಸಿದರು. ಕಾಸು ನನ್ನ ಮುಷ್ಟಿಯಲ್ಲೇ ಉಳಿಯಿತು.

ಹೈದರಾಬಾದಿನಲ್ಲಿ ಸಾಹೇಬರು ಇಳಿದುಹೋದರು. ಆಮೇಲೆ ಹೊಳೆಗಳ ಹೆಸರು ಹೇಳುವವರು ಯಾರೂ ಇಲ್ಲ. ಸೊಂಟದಿಂದ ದಾರ ತೆಗೆದು ಗಂಟು ಮುಟ್ಟಿಕೊಂಡು ನಾನೇ ಹೇಳಿಕೊಂಡೆ. ಇದು ಗೋದಾವರಿ. ಇದು ನರ್ಮದೆಯೇ ಇರಬೇಕು, ಬಿಸಿಲಿಗೆ ಹೊಳೆಯುತ್ತಿದೆ. ಎರಡು ಸಲ ವಾಂತಿಯಾಯಿತು. ನಿಂಬೆಹಣ್ಣಿನ ಉಪ್ಪಿನಕಾಯಿ ನೆಕ್ಕಿ ಮತ್ತೆ ಕಿಟಕಿಗೆ ಮುಖ ಒತ್ತಿಕೊಂಡು ಕೂತೆ. ಒಂದೂ ತಪ್ಪಿಹೋಗಬಾರದು.

೨೩ ಜನವರಿ, ಗುರುವಾರ, ದಿಲ್ಲಿ

ಇಳಿದಾಗ ಕತ್ತಲಾಗಿತ್ತು. ಕ್ವಾರ್ಟರ್ಸಿನ ಬಾಗಿಲು ತೆಗೆದರೆ ಮಂಚದ ಮೇಲೆ ನೀಲಾ. ಕೆನ್ನೆ ಇಳಿದಿದೆ, ಹೊಟ್ಟೆ ಬೆಟ್ಟದ ಹಾಗಿದೆ. ನನ್ನನ್ನು ನೋಡಿ ಕೈ ಚಾಚಿದಳು. ನನ್ನ ಮುಷ್ಟಿ ಬಿಡಿಸಿ ನೋಡಿದಳು. "ಇದೇನವ್ವ, ಕಾಸು? ಕೈಯೆಲ್ಲ ಅರಿಶಿನ."

"ಹೊಳೆಗೆ ಹಾಕಲು ಅಜ್ಜಿ ಕೊಟ್ಟರು. ಕಿಟಕಿ ತೆಗೆಯಲಿಲ್ಲ."

"ಎಷ್ಟು ಹೊಳೆ ದಾಟಿ ಬಂದೆ?"

"ಯಾರಿಗೆ ನೆನಪಿದೆ?" ಎಂದೆ. ಅವಳನ್ನು ಮುಟ್ಟಿದ ಮೇಲೆ ನಿಜವಾಗಿಯೂ ಮರೆತುಹೋಗಿತ್ತು. ಅಡಿಗೆಮನೆ ಹೊಕ್ಕು ಒಲೆ ಹಚ್ಚಿದೆ. ಅಳಿಯನ ಪಾತ್ರೆಗಳ ತಳವೆಲ್ಲ ಸೀದಿವೆ.

೨೫ ಫೆಬ್ರವರಿ, ಮಂಗಳವಾರ

ನಿನ್ನೆ ಬೆಳಗಿನ ಜಾವ, ದಿನಕ್ಕೆ ಸ್ವಲ್ಪ ಮುಂಚೆಯೇ, ಹೆಣ್ಣು ಮಗು. ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟರು, ನಾನು ಬಾಗಿಲಲ್ಲಿ ಅಡ್ಡ ನಿಂತಿದ್ದೆ, ಬಿಡದೆ ವಿಧಿಯಿರಲಿಲ್ಲ.

ತಲೆ ಬಂತು. ಕೊರಳಿಗೆ ಬಳ್ಳಿ ಸುತ್ತಿತ್ತು. ನಾನು ನೋಡಿದೆ.  ಆ ನರ್ಸು, ಇನ್ನೂ ಚಿಕ್ಕ ವಯಸ್ಸು, ಬೆರಳು ತೂರಿಸಿ ಅದನ್ನು ತಲೆಯ ಮೇಲಿಂದ ಜಾರಿಸಿಬಿಟ್ಟಳು. ಬಳೆ ತೆಗೆದಷ್ಟು ಹೊತ್ತೂ ಆಗಲಿಲ್ಲ. ಮಗು ಅತ್ತಿತು.

ನಾನೂ ಅತ್ತೆ. ನೀಲಾ, ಮೊಮ್ಮಗಳಿಗೆ ಅಳುತ್ತಿದ್ದೇನೆ ಅಂದುಕೊಂಡಳು. ಅವಳಿಗೂ ಅತ್ತೆ. ಅವನಿಗೂ ಅತ್ತೆ. ಅವನು ಇದ್ದಿದ್ದರೆ ಈಗ ಇಪ್ಪತ್ತೆಂಟು.

೩೦ ಮಾರ್ಚ್, ಭಾನುವಾರ

ಡಾಕ್ಟರಮ್ಮ ತಾಯಿ ಮಗು ಇಬ್ಬರನ್ನೂ ನೋಡಿ ಇನ್ನು ಹದಿನೈದು ದಿನ ಬಿಟ್ಟು ಊರಿಗೆ ಹೊರಡಬಹುದು ಎಂದಳು. ಬಾಣಂತನದ ಮೂರನೇ ತಿಂಗಳು ಪಿರಿಯಾಪಟ್ಟಣದಲ್ಲಿ ಆಗುತ್ತದೆ, ಅತ್ತೆ ಮಗುವನ್ನು ನೋಡುತ್ತಾರೆ.

ಅಳಿಯ ಸಂಜೆ ಖುಷಿಯಾಗಿ ಬಂದ. ವಿಮಾನದಲ್ಲಿ ಮೂರು ಜಾಗ ಸಿಗುತ್ತವಂತೆ. "ಬೆಳಿಗ್ಗೆ ಹತ್ತಿದರೆ ಸಂಜೆಗೆ ಬೆಂಗಳೂರು ಅತ್ತೆ, ಮಗುವಿಗೂ ಆಯಾಸವಿಲ್ಲ" ಎಂದ.

"ಬೇಡಪ್ಪ, ರೈಲಿಗೆ ಮಾಡಿಸು" ಎಂದೆ.

"ನಾಲ್ಕು ದಿನ ಆಗುತ್ತಲ್ಲ."

"ಆಗಲಿ. ರೈಲಿನಲ್ಲಿ ಕಿಟಕಿ ತೆಗೆಯುತ್ತದೆ."

ಅವನು ನೀಲಾಳ ಮುಖ ನೋಡಿದ. ಅವಳು ನಕ್ಕು ಮಗುವಿಗೆ ಹಾಲು ಕೊಡುತ್ತ ಆ ಕಡೆ ತಿರುಗಿದಳು. ಅತ್ತೆ ಕೊಟ್ಟ ಕಾಸಿನ ಗಂಟು ತೊಟ್ಟಿಲ ಕೆಳಗೇ ಇದೆ, ಒಂದೂ ಖರ್ಚಾಗಿಲ್ಲ. ಯಮುನೆಗೆ ಒಂದು, ಚಂಬಲ್‌ಗೆ ಒಂದು, ಒಂದೊಂದಕ್ಕೂ ಒಂದೊಂದು, ಮಗುವಿನ ಕೈ ಹಿಡಿದು ಹಾಕಿಸಬೇಕು. ಹೆಚ್ಚಿಗೆ ಇರುವ ಕಾಸು ಕಾವೇರಿಗೆ. ಅದನ್ನು ನಾನು ಹಾಕುತ್ತೇನೆ.

ಶ್ರೀರಂಗಪಟ್ಟಣದ ಹತ್ತಿರ ರೈಲು ಬರುವ ಹೊತ್ತಿಗೆ ಮಗು ಮಲಗಿರುತ್ತದೆ. ಎಬ್ಬಿಸಿ ತೋರಿಸಬೇಕು.